“ಭಾವ ಒಬ್ಬ ಶುದ್ಧ ಕತ್ತೆ, ಅವನಿಗೆ

ಅಕ್ಕನ ಮಗಳು ಫೋನಿನಲ್ಲಿ ಹೇಳಿದ ಮಾತಿನಲ್ಲಿ ಹೆದರುವಂಥದ್ದು ಏನೂ ಇರಲಿಲ್ಲ. ಆದರೂ ಅವನು ಬಾಯಿತುಂಬ ಪೇಸ್ಟಿನ ನೊರೆ ಇಟ್ಟುಕೊಂಡು, ಬಚ್ಚಲ ಕನ್ನಡಿಯ ಮುಂದೆ, ಉಗಿಯಬೇಕೋ ಮಾತಾಡಬೇಕೋ ತಿಳಿಯದೆ ನಿಂತ. ಕೊನೆಗೆ ನುಂಗಿದ.

“ಮಾವ, ಕಾಲೇಜಲ್ಲಿ ಪ್ರಾಜೆಕ್ಟ್ ಕೊಟ್ಟಿದ್ದಾರೆ. ಯಾವುದಾದ್ರೂ ಒಂದು ಚಿಕ್ಕ ಲೈಬ್ರರಿ ತಗೊಂಡು, ಅದು ಮೊದಲಿಂದ ಇಲ್ಲೀವರೆಗೆ ಹೇಗೆ ಬೆಳೀತು ಅಂತ ಹೇಳ್ಬೇಕು. ನಾನು ನಿನ್ನ ಕತ್ತರೀನೇ ತಗೊಂಡಿದೀನಿ. ಇವತ್ತು ಊಟ ಆದ್ಮೇಲೆ ಟಿವಿಗೆ ಹಾಕಿ ಎಲ್ಲರಿಗೂ ತೋರಿಸ್ತೀನಿ. ಅಪ್ಪಾನೂ ಕೂತ್ಕೋತಾರಂತೆ.”

“ಅಪ್ಪ ಯಾಕೆ?”

“ನೀನು ಏನು ಮಾಡ್ತೀಯ ಅಂತ ಅವರಿಗೆ ಇವತ್ತಿಗೂ ಗೊತ್ತಿಲ್ವಂತೆ. ಬಾಮೈದ ಏನೋ ಕತ್ತರಿಸ್ತಾನೆ, ಏನು ಅಂತ ಕೇಳಿದ್ರೆ ಹೇಳಲ್ಲ ಅಂತಾರೆ.”

“ನೀನು ಎಲ್ಲಾ ನೋಡಿ ಆಯ್ತಾ? ಒಳಗಡೆ... ಪರೀಕ್ಷೆಗಳು, ಅವೆಲ್ಲ?”

“ಇನ್ನೂ ಇಲ್ಲ ಮಾವ. ಅದನ್ನ ನಿನ್ ಜೊತೇನೇ ನೋಡೋಣ ಅಂತ ಬಿಟ್ಟಿದೀನಿ. ಯಾಕೆ, ಧ್ವನಿ ಒಂಥರಾ ಇದೆ?”

“ಪೇಸ್ಟು,” ಅಂದ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಅವನಂತೂ ಯಾರೂ ಕಳ್ಳ ಎನ್ನುವ ಮೊದಲೇ ಎರಡೂ ಹೆಗಲನ್ನು ಒರೆಸಿಕೊಳ್ಳುತ್ತಿದ್ದ. ಕತ್ತರಿ ಎಂದರೆ ಇಷ್ಟೇ: ಪ್ರೋಗ್ರಾಮು ಬರೆದವರಿಗೆ ಸಾಲುಸಾಲಾಗಿ ಕಾಣುವುದು ಯಂತ್ರಕ್ಕೆ ತಲೆಬುಡವಿಲ್ಲದ ಒಂದು ಉದ್ದ ಅಕ್ಷರಮಾಲೆ. ಕತ್ತರಿ ಅದನ್ನು ತುಂಡು ಮಾಡುತ್ತದೆ. ಇದು ಹೆಸರು, ಇದು ಸಂಖ್ಯೆ, ಇದು ಉದ್ಧರಣ ಚಿಹ್ನೆಗಳ ನಡುವಿನ ಮಾತು, ಇದು ಬರೆದವನು ತನಗೆ ತಾನೇ ಹೇಳಿಕೊಂಡ ಟಿಪ್ಪಣಿ ಎಂದು ಒಂದೊಂದರ ಕೊರಳಿಗೂ ಒಂದೊಂದು ಬಿಲ್ಲೆ ಕಟ್ಟಿ ಮುಂದಕ್ಕೆ ಕಳಿಸುತ್ತದೆ. ಅವನ ಕಸುಬಿನವರು ಇದಕ್ಕೆ ಟೋಕನೈಜರ್ ಅನ್ನುತ್ತಾರೆ, ಬೇರೆಯವರ ಪ್ರೋಗ್ರಾಮಿನೊಳಗೆ ಸೇರಿ ಕೆಲಸ ಮಾಡುವ ಇಂಥ ಸಿದ್ಧ ತುಂಡಿಗೆಲ್ಲ ಲೈಬ್ರರಿ ಅನ್ನುತ್ತಾರೆ. ಜಗತ್ತಿನಲ್ಲಿ ಇಂಥವು ರಾಶಿ ಇವೆ. ಅವನದು ಚಿಕ್ಕದು, ಒಂದು ಕೆಲಸ ಬಿಟ್ಟು ಇನ್ನೊಂದು ಗೊತ್ತಿಲ್ಲದ್ದು, ಹೆಚ್ಚುಕಡಿಮೆ ಅವನ ಹಾಗೇ. ವಾಹನ ನಿಲುಗಡೆಯ ಚೀಟಿ ಕೊಡುವ ಯಂತ್ರಗಳಿಗೆ ಪ್ರೋಗ್ರಾಮು ಬರೆಯುವ ಆಫೀಸಿನಲ್ಲಿ ಅವನಿಗೆ ಕೆಲಸ, ಕಾರು ಓಡಿಸಲು ಬಾರದವನಿಗೆ. ಕತ್ತರಿಯನ್ನು ಬರೆದದ್ದು ಸಂಬಳಕ್ಕಲ್ಲ, ಸಿಟ್ಟಿಗೆ. ಯಾರು ಬೇಕಾದರೂ ಪುಕ್ಕಟೆ ತೆಗೆದುಕೊಂಡು ಬಳಸಲಿ ಎಂದು ಎಲ್ಲರಿಗೂ ಕಾಣುವ ಜಾಗದಲ್ಲಿ ಇಟ್ಟ. ಯಾರೂ ಬರುವುದಿಲ್ಲ ಅಂದುಕೊಂಡಿದ್ದ, ಬಂದರು.

ಲೈಬ್ರರಿ ಸರಿಯಾಗಿ ಕತ್ತರಿಸುತ್ತಿದೆಯೋ ಇಲ್ಲವೋ ಎಂದು ನೋಡಲು ಕೆಲವು ಮಾದರಿ ಸಾಲುಗಳನ್ನು ಕೊಟ್ಟು ಪರೀಕ್ಷಿಸಬೇಕು. ಎಲ್ಲರೂ ಅಲ್ಲಿ ‘ನಮಸ್ಕಾರ’ ಎಂದೋ ‘ಸೇಬು, ಕಿತ್ತಳೆ’ ಎಂದೋ ಬರೆಯುತ್ತಾರೆ. ಅವನು ತನ್ನ ಭಾಷೆಯಲ್ಲಿ, ತನ್ನ ಲಿಪಿಯಲ್ಲಿ, ‘“ಭಾವ ಒಬ್ಬ ಶುದ್ಧ ಕತ್ತೆ, ಅವನಿಗೆ’ ಎಂದು ಬರೆದಿದ್ದ. ಬರೆಯುವಾಗ ಉದ್ಧರಣ ಚಿಹ್ನೆ ತೆರೆದಿದ್ದ, ಮುಚ್ಚಿರಲಿಲ್ಲ. ವಾಕ್ಯವೂ ಅಲ್ಲಿಗೇ ನಿಂತಿತ್ತು. ಎದುರಿಗೆ ಎಂದೂ ‘ನೀವು’ ಬಿಟ್ಟು ಮಾತಾಡದ ಅವನು ಆ ಸಾಲಿನಲ್ಲಿ ‘ಅವನಿಗೆ’ ಎಂದಿದ್ದ. ಭಾವ ಎಂದರೆ ಬೇರೆ ಯಾರೂ ಅಲ್ಲ, ಅಕ್ಕನ ಗಂಡ, ಡ್ರೈವಿಂಗ್ ಸ್ಕೂಲ್ ನಡೆಸುವವನು, ಇವತ್ತು ಮಧ್ಯಾಹ್ನ ಸೋಫಾದಲ್ಲಿ ಕೂತು ಟಿವಿಯಲ್ಲಿ ಕತ್ತರಿ ನೋಡಲಿರುವವನು.

ಅಂಗಿಯ ಗುಂಡಿಗಳನ್ನು ಒಂದು ತಪ್ಪಿ ಹಾಕಿಕೊಂಡು, ಬಿಚ್ಚಿ, ಮತ್ತೆ ಹಾಕಿಕೊಂಡ. ಅಮ್ಮ ಹೋದ ಮೇಲೆ ಅವನಿಗೆ ಮನೆ ಅಂತ ಉಳಿದದ್ದು ಈ ಭಾನುವಾರದ ಊಟ ಒಂದೇ. ಮದುವೆ ಯಾಕೋ ಕೂಡಿಬರಲಿಲ್ಲ. ಗೆಳೆಯರು ಇದ್ದರು, ಎಲ್ಲರೂ ಬೇರೆ ಬೇರೆ ದೇಶಗಳಲ್ಲಿ, ಯಾರ ಮುಖವನ್ನೂ ನೋಡಿರಲಿಲ್ಲ. ಅಕ್ಕನ ಮನೆಯಲ್ಲಿ ಮಾತ್ರ ಊಟದ ಮೇಜಿನ ಕಿಟಕಿ ಕಡೆಯ ಕುರ್ಚಿ ಅವನದು. ಆ ಕುರ್ಚಿಯಲ್ಲಿ ಬೇರೆಯವರು ಕೂತರೆ ಅಕ್ಕ, “ಅದು ಅವನ ಜಾಗ, ಏಳಿ” ಅನ್ನುತ್ತಾಳೆ. ಭಾವ ಮನಸ್ಸಿಗೆ ಹಚ್ಚಿಕೊಂಡರೆ ಅಕ್ಕ ಏನು ಮಾಡಿಯಾಳು? ಗಂಡನ ಕಡೆಗೇ ನಿಲ್ಲಬೇಕು, ನಿಲ್ಲುವುದೇ ನ್ಯಾಯ. ಕುರ್ಚಿಯ ಮೇಲೆ ಇಸ್ತ್ರಿ ಮಾಡದ ಬಟ್ಟೆಯ ರಾಶಿ ಬೀಳುತ್ತದೆ. ಹೀಗೆ ಯೋಚಿಸುತ್ತ ಮೆಟ್ಟಿಲಿಳಿದು ಅರ್ಧ ದಾರಿ ಹೋದವನು ಬೀಗ ಹಾಕಿಲ್ಲವೆಂದು ವಾಪಸ್ ಬಂದ. ಹಾಕಿತ್ತು.

ಬಸ್ಸಿನಲ್ಲಿ ಡ್ರೈವರ್ ಹಿಂದಿನ ಸೀಟು ಸಿಕ್ಕಿತು. ಡ್ರೈವರನ ಎಡಗಾಲು ಏಳುತ್ತಿತ್ತು, ಬೀಳುತ್ತಿತ್ತು. ಕ್ಲಚ್ ಎನ್ನುವುದು ಎಷ್ಟು ಸಲೀಸು, ನೋಡುವವರಿಗೆ. “ಮೆಲ್ಲಗೆ ಬಿಡು, ಮೆಲ್ಲಗೆ, ಮೊಟ್ಟೆ ಇಟ್ಕೊಂಡ ಹಾಗೆ,” ಎಂದು ಹಿಂದೊಮ್ಮೆ ಕಾರು ಕಲಿಸುವಾಗ ಭಾವ ಪಕ್ಕದಲ್ಲಿ ಕೂತು ಹೇಳುತ್ತಿದ್ದ. ಅವನು ಮೆಲ್ಲಗೇ ಬಿಟ್ಟ, ಆದರೆ ಕಾರು ಕಪ್ಪೆಯಂತೆ ಕುಪ್ಪಳಿಸಿ ನಾಲ್ಕು ರಸ್ತೆ ಕೂಡುವಲ್ಲಿ, ಸರಿಯಾಗಿ ನಡುಮಧ್ಯದಲ್ಲಿ ಸತ್ತುಹೋಯಿತು. ಮತ್ತೆ ಕೀಲಿ ತಿರುಗಿಸಿದ, ಮತ್ತೆ ಕುಪ್ಪಳಿಸಿ ಸತ್ತಿತು. ಹಿಂದೆ ಬಸ್ಸು ಹಾರ್ನ್ ಹೊಡೆಯತೊಡಗಿತು, ಅದರ ಹಿಂದೆ ಇನ್ನೂ ಏನೇನೋ. ಭಾವ ತನ್ನ ಕಡೆಯ ಬ್ರೇಕನ್ನು ಒತ್ತಿ ಹಿಡಿದು (ಕಲಿಸುವವನ ಕಾಲಡಿಯಲ್ಲೂ ಒಂದು ಬ್ರೇಕ್ ಇರುತ್ತದೆ), ಹ್ಯಾಂಡ್‌ಬ್ರೇಕ್ ಎಳೆದು, ಬಾಗಿಲು ತೆಗೆದು ಇಳಿದ. ಇಳಿದವನು ರಸ್ತೆಯ ಮಧ್ಯೆ ಎರಡೂ ಕೈ ಎತ್ತಿ ನಿಂತು, ಮದುವೆ ಮನೆಯಲ್ಲಿ ಊಟಕ್ಕೆ ಕರೆಯುವ ದನಿಯಲ್ಲಿ ಕೂಗಿದ: “ಸ್ವಲ್ಪ ತಾಳ್ಕೊಳ್ರಪ್ಪಾ! ನನ್ನ ಬಾಮೈದ! ತುಂಬಾ ಓದಿದಾನೆ, ಅದಕ್ಕೇ ನಿಧಾನ!” ಪಾದಚಾರಿಗಳು ನಿಂತರು. ಎದುರು ಅಂಗಡಿಯವನು ಹೊರಗೆ ಬಂದ. ಬಸ್ಸಿನವರು ಕಿಟಕಿಗಳಿಂದ ತಲೆ ಹಾಕಿ, ತುಂಬಾ ಓದಿದವನು ಹೇಗಿರುತ್ತಾನೆ ಎಂದು ನೋಡಿದರು. ಅವನು ಬಾಗಿಲು ತೆಗೆದು ಓಡಿದ. ಕಾರು ಅಲ್ಲೇ, ಭಾವ ಅಲ್ಲೇ, ಅವನ ಬಲಗಾಲಿನ ಚಪ್ಪಲಿ ಪೆಡಲಿನ ಕೆಳಗೆ ಅಲ್ಲೇ. ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು ಓಡುವುದು ಬರಿಗಾಲಿನಲ್ಲಿ ಓಡುವುದಕ್ಕಿಂತ ಕಷ್ಟವೆಂದು ಅವತ್ತು ಗೊತ್ತಾಯಿತು. ಅಂದು ಸಂಜೆ ಕೋಣೆಯಲ್ಲಿ ಕೂತು, ಏನನ್ನಾದರೂ ತುಂಡುತುಂಡು ಮಾಡಬೇಕೆನ್ನಿಸಿ, ಕತ್ತರಿಯ ಮೊದಲ ಆವೃತ್ತಿಯನ್ನು ಬರೆದ.

“ಚೇಂಜ್ ಇಲ್ವಾ?” ಎಂದು ಕಂಡಕ್ಟರ್ ಎರಡನೆಯ ಸಲ ಕೇಳಿದ. ಅವನು ಜೇಬು ತಡಕಿದ.

ಆ ಮೊದಲ ಆವೃತ್ತಿ ಬಲು ಪೆದ್ದು. ಎಲ್ಲಿ ಖಾಲಿ ಜಾಗ ಕಂಡರೆ ಅಲ್ಲಿ ಕತ್ತರಿಸುವುದು, ಅಷ್ಟೇ. ಉದ್ಧರಣ ಚಿಹ್ನೆ ತೆರೆದುಕೊಂಡರೆ ಅದು ಮುಚ್ಚುವ ಚಿಹ್ನೆಗಾಗಿ ಕಾಯುತ್ತಿತ್ತು, ಅಲ್ಲಿಯವರೆಗೆ ಸಿಕ್ಕಿದ್ದೆಲ್ಲ ಆ ಮಾತಿನ ಭಾಗ. ಅವನು ಮುಚ್ಚಿಯೇ ಇರಲಿಲ್ಲವಲ್ಲ. ಹೀಗಾಗಿ ಭಾವನ ಸಾಲಿನ ನಂತರ ಬಂದ ಲೆಕ್ಕ, ಹೆಸರು, ಸೇಬು, ಕಿತ್ತಳೆ ಎಲ್ಲವನ್ನೂ ಕತ್ತರಿ ಒಂದೇ ಬೈಗುಳ ಎಂದು ಓದಿ, ಕಡತದ ಕೊನೆಯವರೆಗೆ ನುಂಗಿ, ಬಿಕ್ಕಳಿಸಿ ಬಿತ್ತು. ಯಾಕೆ ಬಿತ್ತೆಂದು ಹುಡುಕಿ ಹುಡುಕಿ, ಎರಡನೆಯ ಆವೃತ್ತಿಯಲ್ಲಿ ಅವನು ಕತ್ತರಿಗೆ ಒಂದು ಬುದ್ಧಿ ಕಲಿಸಿದ: ಸಾಲು ಮುಗಿದರೂ ಮಾತು ಮುಗಿಯದಿದ್ದರೆ ಗಾಬರಿಯಾಗಬೇಡ, ಅಲ್ಲಿಗೇ ಕತ್ತರಿಸಿ ‘ಇದು ಮುಗಿದಿಲ್ಲ’ ಎಂದು ಬಿಲ್ಲೆ ಕಟ್ಟಿ, ಮುಂದಿನ ಸಾಲಿಗೆ ಹೋಗು. ಅವನೇ ಜೀವನದಲ್ಲಿ ಕಲಿಯದ ಈ ಬುದ್ಧಿಯನ್ನು ಕಲಿತ ಲೈಬ್ರರಿಗಳು ಆಗ ಕಡಿಮೆ ಇದ್ದವು. ಅದಕ್ಕಾಗಿಯೇ ಜನ ಬಂದರು. ಮೂರನೆಯದರಲ್ಲಿ ಟಿಪ್ಪಣಿಯೊಳಗಿನ ಟಿಪ್ಪಣಿ ಅರ್ಥವಾಯಿತು. ಐದನೆಯದರ ಹೊತ್ತಿಗೆ ತನ್ನ ಚಿತ್ರದ ಜಾಗದಲ್ಲಿ ಬರೀ ಮೀಸೆಯೊಂದನ್ನು ಹಾಕಿಕೊಂಡಿದ್ದ ಯಾವುದೋ ದೇಶದವನು ಸೇರಿಕೊಂಡು, ಇಡೀ ಕತ್ತರಿಯನ್ನು ಉಲ್ಟಾ ಮಾಡಿ ಕೊಡವಿ, ವೇಗ ಹೆಚ್ಚಿಸಿ, ಒಂದೂ ಮಾತಾಡದೆ ಹೋದ. ಮರುತಿಂಗಳು ಮತ್ತೆ ಬಂದ. ಅವನನ್ನು ಮೀಸೆ ಎಂದೇ ಕರೆಯುವುದು ರೂಢಿಯಾಯಿತು.

ಬೇರೆಯವರು ಬೇರೆ ಭಾಷೆಗಳಲ್ಲಿ ಕತ್ತರಿಯ ತದ್ರೂಪುಗಳನ್ನು ಮಾಡಿಕೊಂಡರು. ಮಾಡುವಾಗ ಪರೀಕ್ಷೆಯ ಸಾಲುಗಳನ್ನೂ ಹಾಗೇ ಎತ್ತಿಕೊಂಡರು. ತಮ್ಮದು ಮೂಲದ ಹಾಗೇ ಕತ್ತರಿಸುತ್ತಿದೆಯೇ ಎಂದು ದಿನಾ ಮೂಲದ ಜೊತೆ ಅಕ್ಷರಕ್ಕೆ ಅಕ್ಷರ ತಾಳೆ ನೋಡುವ ಏರ್ಪಾಡನ್ನೂ ಮಾಡಿದರು. ಲಿಪಿ ಓದಲು ಬಾರದ ಅವರಿಗೆ ಆ ಸಾಲು ಚೆಂದದ ಗುಂಡುಗುಂಡು ಚಿತ್ರ. ಮುಗಿಯದ ಮಾತಿನ ಪರೀಕ್ಷೆಗೆ ಕಸುಬಿನಲ್ಲಿ ‘ಭಾವ’ ಎಂದೇ ಹೆಸರು ಬಿತ್ತು. “ನಿಮ್ಮದು ಭಾವನನ್ನು ತಡೆದುಕೊಳ್ಳುತ್ತದೆಯೇ?” ಎಂದು ಗಡ್ಡದ ಮೇಧಾವಿಗಳು ಗಂಭೀರವಾಗಿ ಕೇಳಿಕೊಂಡರು. ಯಾರೋ ಒಬ್ಬಾಕೆ ಟಿ-ಶರ್ಟಿನ ಮೇಲೆ ಅಚ್ಚು ಹಾಕಿಸಿಕೊಂಡು, ಸಮುದ್ರದ ದಂಡೆಯಲ್ಲಿ ನಿಂತು ಫೋಟೋ ಕಳಿಸಿದಳು. ನಿಘಂಟು ನೋಡಿದ ಇನ್ನೊಬ್ಬ, ಇದು ಮನಸ್ಸಿನ ಭಾವನೆಗಳನ್ನು ಕತ್ತೆಗೆ ಹೋಲಿಸುವ ಪ್ರಾಚೀನ ತತ್ತ್ವ, ಕೊನೆಯಲ್ಲಿ ಮಾತು ಮುಗಿಯದಿರುವುದೇ ಅದರ ಸೌಂದರ್ಯ ಎಂದು ಉದ್ದದ ಲೇಖನ ಬರೆದ. ಅವನು ಪ್ರತಿಯೊಂದಕ್ಕೂ ಒಂದು ನಗುಮುಖ ಹಾಕಿ ಸುಮ್ಮನಾದ. ಅವತ್ತೇ ಹೇಳಿಬಿಟ್ಟಿದ್ದರೆ ಮುಗಿಯುತ್ತಿತ್ತು. ಹೇಳದೆ ಹೇಳದೆ ಹದಿನಾಲ್ಕು ವರ್ಷ ಆಯಿತು. ಈ ವರ್ಷಗಳಲ್ಲಿ ಪ್ರತಿ ಭಾನುವಾರ ಭಾವ ಅವನ ತಟ್ಟೆಗೆ ತಾನೇ ಎರಡನೆಯ ಸಲ ಬಡಿಸಿದ್ದಾನೆ, ಬೇಡ ಎಂದರೂ.

ಬಸ್ಸು ಸಿಗ್ನಲಿನಲ್ಲಿ ನಿಂತಿತು. ಅವನಿಗೆ ಆಗ ಆ ಯೋಚನೆ ಬಂತು. ಹುಡುಗಿ ಪರೀಕ್ಷೆಗಳನ್ನು ಇನ್ನೂ ನೋಡಿಲ್ಲ. ಇತಿಹಾಸ ಸಾವಿರಾರು ಬದಲಾವಣೆಗಳಷ್ಟು ಉದ್ದವಿದೆ, ಅದರ ತಳದವರೆಗೆ ಹೋಗಲು ಯಾರಿಗೆ ಪುರಸೊತ್ತು? ಇವತ್ತಿನ ಪ್ರತಿಯಲ್ಲಿ ಮಾತ್ರ ಒಂದು ಪದ ಬದಲಿಸಿದರೆ ಸಾಕು. ಆದರೆ ಕತ್ತೆ ಇದ್ದ ಜಾಗದಲ್ಲಿ ಯಂತ್ರದ ಲೆಕ್ಕಕ್ಕೆ ಅಷ್ಟೇ ಉದ್ದದ ಪದ ಕೂರಬೇಕು, ಇಲ್ಲದಿದ್ದರೆ ಕತ್ತರಿಯ ಅಳತೆಗಳೆಲ್ಲ ತಪ್ಪುತ್ತವೆ. ಕುದುರೆ ಉದ್ದವಾಯಿತು. ಹುಲಿ ಗಿಡ್ಡ. ದೇವರು ಎಂದು ಹಾಕಿ ನೋಡಿದ, ಅದು ಅಳತೆಗೆ ಹೊಂದಿತು, ಮನಸ್ಸಿಗೆ ಒಪ್ಪಲಿಲ್ಲ. ಆಮೇಲೆ ಹೊಳೆಯಿತು: ಚಿನ್ನ. ಭಾವ ಒಬ್ಬ ಶುದ್ಧ ಚಿನ್ನ. ಅಳತೆ ಮಾಡಿ ಹೊಲಿಸಿದ ಹಾಗೆ ಕೂತುಕೊಂಡಿತು. ‘ಶುದ್ಧ’ ಕೂಡ ಈಗ ಮರ್ಯಾದೆಯಿಂದ ಹೊಳೆಯುತ್ತಿತ್ತು. ಕುಲುಕುವ ಬಸ್ಸಿನಲ್ಲಿ ಹೆಬ್ಬೆರಳಿನಿಂದ ಒತ್ತಿ, ಪರೀಕ್ಷೆ ಓಡಿಸಿ, ಎಲ್ಲ ಪಾಸಾಗಿ ಹಸಿರಾದದ್ದನ್ನು ನೋಡಿ, ಹೊಸ ಆವೃತ್ತಿಯನ್ನು ಲೋಕಕ್ಕೆ ಬಿಟ್ಟ. ಬದಲಾವಣೆಯ ವಿವರ ಕೇಳುವ ಜಾಗದಲ್ಲಿ ‘ಸಣ್ಣ ಸ್ವಚ್ಛತೆ’ ಎಂದು ಬರೆದ. ಬಸ್ಸಿನಿಂದ ಇಳಿಯುವಾಗ ಹೆಜ್ಜೆ ಎಷ್ಟು ಹಗುರವಾಗಿತ್ತೆಂದರೆ, ಅಕ್ಕನ ಮನೆಗೆ ಅರ್ಧ ಕಿಲೋ ದ್ರಾಕ್ಷಿ ತೆಗೆದುಕೊಂಡ.

ಊಟಕ್ಕೆ ಕೂತಾಗ ಕಿಟಕಿ ಕಡೆಯ ಕುರ್ಚಿ ಖಾಲಿ ಇತ್ತು. “ಯಾಕೋ ಬಿಳಿಚಿಕೊಂಡಿದೀಯ? ರಾತ್ರಿ ಊಟ ಮಾಡಿದ್ಯೋ ಇಲ್ವೋ?” ಎಂದಳು ಅಕ್ಕ. ಭಾವ ತನ್ನ ಹೊಸ ಶಿಷ್ಯೆಯೊಬ್ಬಳ ಕಥೆ ಹೇಳುತ್ತಿದ್ದ. ಆಕೆ ಹಲ್ಲಿನ ವೈದ್ಯೆಯಂತೆ, ಎದುರಿನಿಂದ ಲಾರಿ ಬಂದರೆ ಕಣ್ಣು ಮುಚ್ಚುತ್ತಾಳಂತೆ. ಹೇಳುತ್ತ ಹೇಳುತ್ತ ಭಾವನ ಬಲಗಾಲು ಮೇಜಿನ ಕೆಳಗೆ ನೆಲವನ್ನು ಒತ್ತುತ್ತಿತ್ತು. ಅವನು ಎಲ್ಲಿ ಕೂತರೂ ಹಾಗೆ. ಸಿನೆಮಾ ನೋಡುವಾಗ ನಾಯಕ ಬಂಡೆಯ ತುದಿಗೆ ಬಂದರೆ, ಅಕ್ಕ ಫೋನಿನಲ್ಲಿ ಯಾರಿಗೋ ಆಡಬಾರದ ಮಾತು ಆಡಹೊರಟರೆ, ಭಾವನ ಕಾಲು ಇಲ್ಲದ ಬ್ರೇಕನ್ನು ತುಳಿಯುತ್ತದೆ. ಸೋಫಾದ ಮುಂದಿನ ಚಾಪೆ ಆ ಒಂದು ಜಾಗದಲ್ಲಿ ಸವೆದಿದೆ. “ತಗೋ ತಗೋ,” ಎಂದು ಭಾವ ಎರಡನೆಯ ಸಲ ಬಡಿಸಿದ. ಅವನು ಬೇಡವೆನ್ನದೆ ತಿಂದ. ನನ್ನ ಭಾವ ಶುದ್ಧ ಚಿನ್ನ ಎಂದು ಈಗ ಇಡೀ ಜಗತ್ತು ಓದುತ್ತಿದೆ ಅಂದುಕೊಂಡ. ಸುಳ್ಳು ಹೇಳಿದವನಿಗೇ ತನ್ನ ಸುಳ್ಳಿನಿಂದ ಕಣ್ಣು ತುಂಬಿಬರುವುದು ಎಂಥ ನಾಚಿಕೆಗೇಡು.

ಟಿವಿ ಹೊತ್ತಿಕೊಂಡಿತು. ಅಕ್ಕನ ಮಗಳು ಎದ್ದು ನಿಂತು, ಕೈಯಲ್ಲಿ ಒಗ್ಗರಣೆ ಸೌಟು ಹಿಡಿದು, ಮೇಷ್ಟ್ರ ಹಾಗೆ ತೋರಿಸಿ ತೋರಿಸಿ ವಿವರಿಸಿದಳು. ಮೊದಲ ಆವೃತ್ತಿ ಎಷ್ಟು ಪೆದ್ದಾಗಿತ್ತು, ಎರಡನೆಯದು ಯಾವ ಬುದ್ಧಿ ಕಲಿಯಿತು, ಮೀಸೆಯ ಆಗಮನ, ವೇಗ. ಭಾವ ತಲೆದೂಗುತ್ತಿದ್ದ. “ಅಂದ್ರೆ ಇದು ಪ್ರತಿಯೊಂದು ಮಾತನ್ನೂ ಬಿಡಿಸಿ ಬಿಡಿಸಿ ನೋಡುತ್ತೆ. ನಮ್ಮ ಬಾಮೈದನ ಬುದ್ಧೀನೇ,” ಎಂದ. ಅದು ಹೊಗಳಿಕೆಯೇ ಎಂದು ಅವನು ಬಿಡಿಸಿ ಬಿಡಿಸಿ ನೋಡಿದ.

“ಈಗ ಪರೀಕ್ಷೆಗಳು,” ಎಂದಳು ಹುಡುಗಿ. ಪುಟ ತೆರೆಯಿತು. ಸೌಟು ಸಾಲುಗಳ ಮೇಲೆ ಇಳಿಯುತ್ತ ಬಂದು ನಿಂತಿತು. “ಅಯ್ಯೋ! ಅಪ್ಪಾ! ನೀವಿದೀರ ಇಲ್ಲಿ!”

“ನಾನಾ?” ಭಾವ ಕನ್ನಡಕ ಹುಡುಕಿ, ಹಾಕಿಕೊಂಡು, ಟಿವಿಯ ಹತ್ತಿರ ಹೋಗಿ, ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದ. “ಭಾವ... ಒಬ್ಬ... ಶುದ್ಧ... ಚಿನ್ನ.” ಹಿಂದಕ್ಕೆ ತಿರುಗಿ ಅಕ್ಕನನ್ನು ನೋಡಿದ, ಬಾಮೈದನನ್ನು ನೋಡಿದ. ಸೋಫಾಕ್ಕೆ ವಾಪಸ್ ಬಂದು ಕೂತು, ಕನ್ನಡಕ ತೆಗೆದು ಒರೆಸಿದ. “ಯಾವತ್ತೂ ಬಾಯಿಬಿಟ್ಟು ಹೇಳ್ಳಿಲ್ವಲ್ಲೋ.”

ಅವನು ಪಾದ ನೋಡಿಕೊಂಡ. ಅಲ್ಲಿಗೆ ನಿಲ್ಲಬಹುದಿತ್ತು. ಆದರೆ ಕಾಲೇಜಿನವರು ಅವಳಿಗೆ ಕೇಳಿದ್ದು ಬೆಳವಣಿಗೆ. “ಈ ಸಾಲು ಯಾವಾಗ ಬಂತು ನೋಡೋಣ, ಒಂದೇ ಸಲ ಒತ್ತಿದ್ರೆ ತೋರಿಸುತ್ತೆ,” ಎಂದು ಹುಡುಗಿ ಒತ್ತಿದಳು. ಹದಿನಾಲ್ಕು ವರ್ಷ ಅದೇ ಕಸುಬು ಮಾಡಿದವನಿಗೆ ಈ ಒಂದು ಸಂಗತಿ ಬಸ್ಸಿನಲ್ಲಿ ಹೇಗೆ ಮರೆತುಹೋಯಿತೋ. ಇತಿಹಾಸದ ಪುಟದಲ್ಲಿ ಹಳೆಯದು ತಳಕ್ಕೆ, ಹೊಸದು ಮೇಲಕ್ಕೆ. ಕತ್ತೆ ಸಾವಿರ ಬದಲಾವಣೆಗಳ ಅಡಿಯಲ್ಲಿ ಯಾರ ಕಣ್ಣಿಗೂ ಬೀಳದೆ ಮಲಗಿತ್ತು. ಅದನ್ನು ಕೊರಳು ಹಿಡಿದೆತ್ತಿ ಎಲ್ಲಕ್ಕಿಂತ ಮೇಲೆ ತಂದು ನಿಲ್ಲಿಸಿದವನು ಅವನೇ. ಟಿವಿಯ ಅಗಲಕ್ಕೂ ಎರಡು ಸಾಲು ಹರಡಿಕೊಂಡವು. ತೆಗೆದುಹಾಕಿದ್ದು ಕೆಂಪು ಬಣ್ಣದಲ್ಲಿ: ಭಾವ ಒಬ್ಬ ಶುದ್ಧ ಕತ್ತೆ, ಅವನಿಗೆ. ಸೇರಿಸಿದ್ದು ಹಸಿರಿನಲ್ಲಿ: ಭಾವ ಒಬ್ಬ ಶುದ್ಧ ಚಿನ್ನ, ಅವನಿಗೆ. ಬದಿಯಲ್ಲಿ ಅವನ ನಗುಮುಖದ ಫೋಟೋ, ವಿವರ ‘ಸಣ್ಣ ಸ್ವಚ್ಛತೆ’, ಸಮಯ ‘ಎರಡು ಗಂಟೆ ಹಿಂದೆ’.

ಭಾವನ ಬಲಗಾಲು ಚಾಪೆಯನ್ನು ಒತ್ತಿ ಹಿಡಿಯಿತು. ಅಕ್ಕ, “ದ್ರಾಕ್ಷಿ ತೊಳೀತೀನಿ,” ಎಂದಳು, ಏಳಲಿಲ್ಲ. ಹುಡುಗಿ ಸೌಟನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು. ಅವನು ಕಿಟಕಿ ಕಡೆಯ ಕುರ್ಚಿಯನ್ನು ನೋಡಿದ. ಅದರ ಬೆನ್ನಿಗೆ ಅಕ್ಕ ಹಾಕಿದ್ದ ಟವೆಲನ್ನೂ, ಟವೆಲಿನ ಅಂಚಿನ ನೀಲಿ ಗೀಟನ್ನೂ ಕೊನೆಯ ಸಲ ನೋಡುವವನ ಹಾಗೆ ನೋಡಿದ. ಕೆಲವು ದಿನಗಳಲ್ಲಿ ಈ ಗೀಟು ನೀಲಿಯೋ ಹಸಿರೋ ಮರೆತುಹೋಗುತ್ತದೆ.

“ಎಷ್ಟು ವರ್ಷದಿಂದ ಕತ್ತೆ?” ಎಂದ ಭಾವ.

“ಮೊದಲಿಂದ,” ಎಂದಳು ಹುಡುಗಿ ಸಣ್ಣ ದನಿಯಲ್ಲಿ. ಆಮೇಲೆ, ತಾನು ಓದಿಕೊಂಡದ್ದು ವ್ಯರ್ಥವಾಗಬಾರದೆಂದೋ ಏನೋ, “ಬೇರೆ ದೇಶದವರೂ ಇದನ್ನೇ ತಗೊಂಡಿದಾರಪ್ಪ. ತುಂಬಾ ಫೇಮಸ್,” ಎಂದಳು.

“ಕತ್ತೆ ಅಂದಿದ್ದು ಹಾಳಾಗಿ ಹೋಗ್ಲಿ,” ಭಾವ ಎದ್ದು ನಿಂತ. “ನಮ್ಮಪ್ಪ ಅನ್ನುತ್ತಿದ್ರು, ನಿಮ್ಮಕ್ಕ ಅಂತಾಳೆ. ‘ಅವನಿಗೆ’ ಅಂತ ಬರೆದಿದೀಯಲ್ಲೋ! ನಾನು ನಿನಗಿಂತ ಎಂಟು ವರ್ಷ ದೊಡ್ಡೋನು!”

“ತಪ್ಪಾಯ್ತು ಭಾವ.”

“ಅದಿರ್ಲಿ. ಅವನಿಗೆ ಏನು?”

“ಅಂದ್ರೆ?”

“ಕತ್ತೆ, ಅವನಿಗೆ... ಅಂತ ಅರ್ಧಕ್ಕೆ ನಿಂತಿದೆ. ಅವನಿಗೆ ಬುದ್ಧಿ ಇಲ್ವಾ? ನಾಚಿಕೆ ಇಲ್ವಾ? ಬಾಲ ಒಂದು ಕಡಿಮೆ ಇದ್ಯಾ? ಬೈಯ್ಯೋದು ಬೈದೆ, ಪೂರ್ತಿ ಬೈ. ಇಷ್ಟು ವರ್ಷ ನನ್ನನ್ನ ಅರ್ಧಕ್ಕೆ ನಿಲ್ಲಿಸಿದೀಯಲ್ಲ!”

ಆ ವಾಕ್ಯದ ಮುಂದೆ ಏನಿತ್ತೆಂದು ಟಿ-ಶರ್ಟಿನವಳು ಕೇಳಿದ್ದಳು, ಲೇಖನದವನು ಕೇಳಿದ್ದ. ಅವರಿಗೆಲ್ಲ ಅವನು ಮರೆತಿದೆ ಎಂದಿದ್ದ. ಮರೆತಿರಲಿಲ್ಲ. ಅಂದು ಸಂಜೆ ಅವನು ‘ಅವನಿಗೆ’ ಎಂದು ಒತ್ತಿದ ಗಳಿಗೆಯಲ್ಲೇ ಬಾಗಿಲು ಬಡಿದಿತ್ತು. ತೆಗೆದರೆ ಭಾವ. ಮೂರು ಮಹಡಿ ಹತ್ತಿ ಬಂದು ಏದುಸಿರು ಬಿಡುತ್ತ, ಕೈಯಲ್ಲಿ ಅವನ ಬಲಗಾಲಿನ ಚಪ್ಪಲಿ ಹಿಡಿದು ನಿಂತಿದ್ದ. ಚಪ್ಪಲಿಯನ್ನು ಒರೆಸಿ ತಂದಿದ್ದ. ಹಾರ್ನಿನ ಮಾತಿಲ್ಲ, ಓಡಿಹೋದ ಮಾತಿಲ್ಲ. “ನಾಳೆ ಬೆಳಗ್ಗೆ ಆರಕ್ಕೆ ಬಾ, ರಸ್ತೆ ಖಾಲಿ ಇರುತ್ತೆ,” ಎಂದಷ್ಟೇ ಹೇಳಿ ಚಪ್ಪಲಿಯನ್ನು ಹೊಸ್ತಿಲ ಬಳಿ ಇಟ್ಟು ಇಳಿದುಹೋಗಿದ್ದ. ಅವನು ವಾಪಸ್ ಬಂದು ಕೂತು ಆ ಸಾಲನ್ನು ನೋಡಿದ. ಮುಂದುವರಿಸಲು ಸಿಟ್ಟು ಇರಲಿಲ್ಲ, ಅಳಿಸಲು ಮನಸ್ಸು ಇರಲಿಲ್ಲ. ಮರುದಿನ ಆರಕ್ಕೂ ಹೋಗಲಿಲ್ಲ, ಆಮೇಲೆ ಎಂದೂ ಹೋಗಲಿಲ್ಲ. ಭಾವ ಮತ್ತೆ ಕರೆಯಲೂ ಇಲ್ಲ, ಭಾನುವಾರ ಬಡಿಸಿದ.

“ಬರೀತಾ ಇದ್ದೆ,” ಎಂದ ಅವನು ಈಗ, ಟಿವಿಯ ಕಡೆ ನೋಡುತ್ತ. “ಅಷ್ಟರಲ್ಲಿ ನೀವು ಬಂದ್ರಿ ಭಾವ. ಚಪ್ಪಲಿ ತಗೊಂಡು. ಅಲ್ಲಿಗೇ ನಿಂತುಹೋಯ್ತು.”

ಭಾವನ ಮುಖದಲ್ಲಿ ಏನೋ ಸಡಿಲವಾಗುತ್ತ ಬಂತು, ಕಾಲೂ ಚಾಪೆಯಿಂದ ಮೆಲ್ಲಗೆ ಎದ್ದಿತು. “ಹಾಗಾದ್ರೆ,” ಎಂದ, ಎಲ್ಲರೂ ಕೇಳಲಿ ಎಂಬಂತೆ, “ಬ್ರೇಕ್ ಹಾಕಿದ್ದು ನಾನೇ.”

ಅಷ್ಟರಲ್ಲಿ ಬಾಮೈದನ ಜೇಬಿನಲ್ಲಿ ಫೋನು ಗುಂಯ್ಗುಡತೊಡಗಿ ನಿಲ್ಲದಾಯಿತು. ತೆಗೆದು ನೋಡಿದರೆ ದೂರುಗಳ ಸಾಲು. ಲೋಕದ ತದ್ರೂಪುಗಳೆಲ್ಲ ಮೂಲದ ಜೊತೆ ತಾಳೆ ತಪ್ಪಿ ಕೆಂಪಾಗಿ ಕೂತಿದ್ದವು. ಎಂದೂ ಮಾತಾಡದ ಮೀಸೆ ಕೂಡ ಬರೆದಿದ್ದ. ಅಕ್ಕನ ಮಗಳು ಫೋನನ್ನು ಕಿತ್ತುಕೊಂಡು ಓದಿ ಹೇಳಿದಳು: “‘ಭಾವ ಎಲ್ಲಿ? ಭಾವನಿಗೆ ಏನಾಯಿತು?’ ಅಂತ ಕೇಳ್ತಿದಾರೆ. ಎಲ್ಲರೂ! ಅಪ್ಪಾ, ನೀವಿಲ್ಲದೆ ಎಲ್ಲಾ ಕಡೆ ಕೆಲಸ ನಿಂತುಹೋಗಿದೆ!”

“ವಾಪಸ್ ಹಾಕೋ,” ಎಂದ ಭಾವ ಗಾಬರಿಯಿಂದ. “ಪಾಪ, ಅವರೇನು ತಪ್ಪು ಮಾಡಿದಾರೆ?”

“ಕತ್ತೆ ಅಂತಾನೇ?”

“ಕತ್ತೆ ಅಂತಾನೇ. ಚಿನ್ನ ಅಂದ್ರೆ ಯಾರು ನಂಬ್ತಾರೆ?” ಅಕ್ಕ ಅಷ್ಟು ಹೊತ್ತು ತಡೆದಿಟ್ಟುಕೊಂಡಿದ್ದ ನಗು ಒಮ್ಮೆಲೇ ಸಿಡಿದು, ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಓಡಿದಳು. ಅಲ್ಲಿಂದ ದ್ರಾಕ್ಷಿ ತೊಳೆಯುವ ಸದ್ದೂ ನಗುವ ಸದ್ದೂ ಒಟ್ಟಿಗೆ ಬರುತ್ತಿದ್ದವು. ಅವನು ಕತ್ತೆಯನ್ನು ಹಳೆಯ ಜಾಗದಲ್ಲಿ ಕಟ್ಟಿದ. ಒಂದು ಕ್ಷಣ ಸಾಲಿನ ಕೊನೆಯಲ್ಲಿ ಬೆರಳು ನಿಂತಿತು. ಈಗಲಾದರೂ ಆ ಚಿಹ್ನೆಯನ್ನು ಮುಚ್ಚಿಬಿಡೋಣವೇ ಎನ್ನಿಸಿತು. ಮುಚ್ಚಿದರೆ ಮತ್ತೆ ಎಲ್ಲರದ್ದೂ ಮುರಿಯುತ್ತದೆ. ಬಿಟ್ಟ.

ಹೊರಡುವಾಗ ಭಾವ ಬಾಗಿಲವರೆಗೆ ಬಂದ. “ನಾಳೆ ಬೆಳಗ್ಗೆ ಆರಕ್ಕೆ ಬಾ, ರಸ್ತೆ ಖಾಲಿ ಇರುತ್ತೆ,” ಎಂದ.

ರಸ್ತೆ ಖಾಲಿ ಇರಲಿಲ್ಲ. ಬೆಳಗಿನ ಪಾಳಿಯವರ ಬಸ್ಸುಗಳು ಆಗಲೇ ಹೊರಟಿದ್ದವು. ಅದೇ ನಾಲ್ಕು ರಸ್ತೆ ಕೂಡುವಲ್ಲಿ, ಅದೇ ನಡುಮಧ್ಯದಲ್ಲಿ, ಕಾರು ಕುಪ್ಪಳಿಸಿ ಸತ್ತಿತು. ಹಿಂದೆ ಹಾರ್ನ್. ಭಾವ ಹ್ಯಾಂಡ್‌ಬ್ರೇಕ್ ಎಳೆದು ಬಾಗಿಲಿಗೆ ಕೈ ಹಾಕಿದ. “ಬೇಡ ಭಾವ, ದಮ್ಮಯ್ಯ,” ಎಂದ ಅವನು. ಭಾವ ಇಳಿದೇ ಬಿಟ್ಟ. ಎರಡೂ ಕೈ ಎತ್ತಿ ಬಸ್ಸಿಗೆ ಎದುರಾಗಿ ನಿಂತು, ಅದೇ ಊಟಕ್ಕೆ ಕರೆಯುವ ದನಿಯಲ್ಲಿ, “ಸ್ವಲ್ಪ ತಾಳ್ಕೊಳ್ರಪ್ಪಾ! ನನ್ನ ಬಾಮೈದ! ನನ್ನನ್ನ ಇಡೀ ಪ್ರಪಂಚಕ್ಕೇ ಕತ್ತೆ ಮಾಡಿದೋನು ಇವನೇ!” ಎಂದು ಕೂಗಿದ. ಆ ದನಿಯಲ್ಲಿದ್ದ ಹೆಮ್ಮೆ ಬಸ್ಸಿನವರಿಗೂ ಕೇಳಿರಬೇಕು, ಕಿಟಕಿಗಳಿಂದ ತಲೆಗಳು ಹೊರಬಂದವು. ಅವನಿಗೆ ಓಡಿಹೋಗಬೇಕೆನ್ನಿಸಲಿಲ್ಲ. ನಗು ಬಂತು, ಹೊಟ್ಟೆಯೊಳಗಿಂದ ಬಂದು ಇಡೀ ಮೈಯನ್ನು ಅಲ್ಲಾಡಿಸಿತು. ಆ ನಗುವಿನಲ್ಲೇ ಕೀಲಿ ತಿರುಗಿಸಿದ, ಹ್ಯಾಂಡ್‌ಬ್ರೇಕ್ ಇಳಿಸಿದ, ಎಡಗಾಲು ತಾನಾಗಿಯೇ ಮೆಲ್ಲಗೆ ಎದ್ದಿತು. 

ಕಾರು ಹೊರಟಿತು. ಕುಪ್ಪಳಿಸಲಿಲ್ಲ, ಸಾಯಲಿಲ್ಲ, ನೀರಿನ ಮೇಲೆ ದೋಣಿ ಹೋದ ಹಾಗೆ ನಾಲ್ಕು ರಸ್ತೆಯನ್ನು ದಾಟಿ ಮುಂದೆ ಹೋಯಿತು. ಪಕ್ಕದ ಸೀಟು ಖಾಲಿಯಿರುವುದು ಅವನಿಗೆ ಆಮೇಲೆ ಕಂಡಿತು.

“ಬ್ರೇಕೋ! ಬ್ರೇಕ್ ಹಾಕೋ ಕತ್ತೆ!” ಎಂದು ಹಿಂದಿನಿಂದ ಕೇಳಿಸುತ್ತಿತ್ತು.

ಹಾಕಿದ. ರಸ್ತೆಯ ಬದಿಗೆ ಸರಿಯಾಗಿ ನಿಂತಿತು. ತಲೆಯ ಮೇಲಿನ ಕನ್ನಡಿಯಲ್ಲಿ ನೋಡಿದ. ಭಾವ ಏದುಸಿರು ಬಿಡುತ್ತ, ಕುಂಟುತ್ತ, ತನ್ನ ಒಂದು ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ಬರುತ್ತಿದ್ದ.